ಟರ್ಬೋ ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತಿದೆಯಾ? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಈಗ ಟರ್ಬೋ ಪೆಟ್ರೋಲ್ ಕಾರುಗಳು, ಅಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನ್ ಇರುವ ಕಾರುಗಳು, ಜಾಸ್ತಿ ಆಗಿವೆ. ಘಟ್ಟ ಹತ್ತುವಾಗ ಒಳ್ಳೆಯ ಪಿಕಪ್ ಇರುತ್ತದೆ, ಅದಕ್ಕೇ ಜನ ತೆಗೆದುಕೊಳ್ಳುತ್ತಾರೆ. ಕೆಲವು ಮಳೆಗಾಲ ಕಳೆದ ಮೇಲೆ ಹೆಚ್ಚಿನವರದ್ದು ಒಂದೇ ದೂರು: "ಓಡುವಾಗ ಏನೂ ತೊಂದರೆ ಇಲ್ಲ, ಗೋಪಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತದೆ." ಇಂಥ ಕಾರುಗಳ ಬಾನೆಟ್ ತೆರೆಯುವುದೇ ನನ್ನ ಕೆಲಸ. ಇದರಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ರಿಪೇರಿಯಿಂದಲ್ಲ, ಕಾರಣ ಹುಡುಕದೆ ಒಂದರ ಹಿಂದೆ ಒಂದು ಪಾರ್ಟ್ ಬದಲಿಸುವುದರಿಂದ. ಹಾಗಾಗಿ ಇಲ್ಲಿ ಹುಡುಕುವ ದಾರಿಯ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಎಷ್ಟು ನಡುಕ ಸಹಜ? ನನ್ನ ಕಾರಿನದು ರೋಗವಾ, ಗುಣವಾ?

ಮೊದಲು ನಿಮ್ಮ ಎಂಜಿನ್‌ಗೆ ಎಷ್ಟು ಸಿಲಿಂಡರ್ ಅಂತ ತಿಳಿದುಕೊಳ್ಳಿ. ನೆಕ್ಸಾನ್ 1.2 ಟರ್ಬೋ, ವೆನ್ಯೂ 1.0 ಟರ್ಬೋ, ಫ್ರಾಂಕ್ಸ್ 1.0 ಟರ್ಬೋ, ಮ್ಯಾಗ್ನೈಟ್ ಟರ್ಬೋ, ವರ್ಟುಸ್ ಮತ್ತು ಕುಶಾಕ್‌ಗಳ 1.0 ಟಿಎಸ್‌ಐ, ಇವೆಲ್ಲ 3 ಸಿಲಿಂಡರ್. ಬಿಸಿಯಾದ ಎಂಜಿನ್ 750 ಆರ್‌ಪಿಎಂನಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. 4 ಸಿಲಿಂಡರ್‌ನದ್ದಾದರೆ ಸೆಕೆಂಡಿಗೆ 25 ಸಲ ಫೈರ್ ಆಗುತ್ತದೆ, 3 ಸಿಲಿಂಡರ್‌ನದ್ದಾದರೆ ಸುಮಾರು 19 ಸಲ. ಹೊಡೆತಗಳ ನಡುವಿನ ಅಂತರ ಜಾಸ್ತಿ, ಅದಕ್ಕೇ ಸೀಟಿಗೂ ಸ್ಟೇರಿಂಗ್‌ಗೂ ಸಣ್ಣ ಅದುರು ಬರುತ್ತದೆ. ಅದು ಒಂದೇ ಸಮ ಇದ್ದರೆ, ಕಾರು ಹೊಸದಿದ್ದಾಗಲೂ ಹಾಗೇ ಇದ್ದಿದ್ದರೆ, ಬಿಟ್ಟುಬಿಡಿ.

ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ 1100ರಿಂದ 1500ರವರೆಗೆ ಏರಿ ಮೆಲ್ಲಗೆ ಇಳಿಯುವುದೂ ಸಹಜ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೆ ಸಿಂಪಡಿಸುವ) ಎಂಜಿನ್‌ಗಳಲ್ಲಿ ಕೇಳುವ ಟಿಕ್ ಟಿಕ್ ಸದ್ದು ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪ್‌ನದ್ದು.

ನಡುನಡುವೆ ತಾಳ ತಪ್ಪಿದ ಹಾಗೆ "ಧಕ್" ಅಂದರೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡಿದರೆ, ಕಾರು ಆಫ್ ಆಗುವ ಹಾಗೆ ಬಗ್ಗಿ ಮತ್ತೆ ಎದ್ದರೆ ಮಾತ್ರ ರೋಗ ಇದೆ ಅನ್ನಬೇಕು.

"ಟರ್ಬೋ ಹೋಗಿದೆ, ಬದಲಿಸಬೇಕು" ಅಂದರು. ಹೌದಾ?

ಐಡ್ಲಿಂಗ್ (ಕಾರು ನಿಂತು ಎಂಜಿನ್ ಮಾತ್ರ ತಿರುಗುವುದು) ಮಾತ್ರ ಕೆಟ್ಟಿದ್ದರೆ ಟರ್ಬೋ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ. ನಿಂತಾಗ ಎಕ್ಸಾಸ್ಟ್ ಹೊಗೆಗೆ ಅಷ್ಟು ಬಲ ಇರುವುದಿಲ್ಲ. ಟರ್ಬೋ ತಿರುಗುತ್ತಿರುತ್ತದೆ, ಆದರೆ ಬೂಸ್ಟ್ (ಹೆಚ್ಚಿನ ಗಾಳಿ ಒತ್ತಡ) ಕೊಡುವುದಿಲ್ಲ. ಆ ಹೊತ್ತಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪ್) ಇರುವುದು ಒತ್ತಡ ಅಲ್ಲ, ಎಳೆತ, ಅಂದರೆ ವ್ಯಾಕ್ಯೂಮ್. ಟರ್ಬೋ ಕೆಟ್ಟರೆ ಪಿಕಪ್ ಬೀಳುತ್ತದೆ, ಸೀಟಿ ಹೊಡೆದ ಹಾಗೆ ಸದ್ದು ಬರುತ್ತದೆ, ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆ ಆಗುತ್ತದೆ. ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಟರ್ಬೋದ ಸಣ್ಣ ಕದ) ಸಡಿಲವಾದರೆ ಐಡ್ಲಿಂಗ್‌ನಲ್ಲಿ ತಗಡು ಅಲುಗಿದಂತೆ ಕೇಳಿಸಬಹುದು, ಆದರೆ ಅದು ಬರೀ ಸದ್ದು. ಇದ್ಯಾವುದೂ ಇಲ್ಲದೆ ಬರೀ ನಡುಕಕ್ಕೆ ಟರ್ಬೋ ಬದಲಿಸಲು ಒಪ್ಪಬೇಡಿ. ಟರ್ಬೋ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನೊಳಗೆ ಸ್ವಲ್ಪ ಎಣ್ಣೆ ಜಿಡ್ಡು ಕಂಡಿದೆ ಅನ್ನುವುದೂ ಕಾರಣ ಆಗುವುದಿಲ್ಲ. ಅಷ್ಟು ಜಿಡ್ಡು ಹೆಚ್ಚುಕಡಿಮೆ ಎಲ್ಲ ಟರ್ಬೋ ಕಾರಿನಲ್ಲೂ ಇರುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ನಾನೇ ಏನು ಗಮನಿಸಬಹುದು?

ಆರ್‌ಪಿಎಂ ಮುಳ್ಳನ್ನು ನೋಡಿ. ಮುಳ್ಳು ಅಲ್ಲಾಡದೆ ನಿಂತಿದೆ, ಕಾರು ಮಾತ್ರ ಅದುರುತ್ತಿದೆ ಅಂದರೆ ಎಂಜಿನ್ ಹೊತ್ತು ಅದುರು ತಡೆಯುವ ಮೌಂಟಿಂಗ್ ರಬ್ಬರ್ ಹೋಗಿರುವ ಸಾಧ್ಯತೆ ಜಾಸ್ತಿ. ಆಟೋಮ್ಯಾಟಿಕ್ ಕಾರಾದರೆ ಬ್ರೇಕ್ ಒತ್ತಿ ಡಿ ಗೇರಿಗೆ ಹಾಕಿ, ಆಮೇಲೆ ನ್ಯೂಟ್ರಲ್‌ಗೆ ತನ್ನಿ. ಡಿ ಗೇರಿನಲ್ಲಿ ನಡುಕ, ನ್ಯೂಟ್ರಲ್‌ನಲ್ಲಿ ತಣ್ಣಗೆ ಅಂದರೂ ಮೊದಲ ಅನುಮಾನ ಮೌಂಟಿಂಗ್ ಮೇಲೆಯೇ. ನಮ್ಮ ಕಡೆ ಒಳರಸ್ತೆಗಳ ಗುಂಡಿಗಳಲ್ಲಿ ಓಡುವ ಕಾರುಗಳಿಗೆ ಇದು ಬೇಗ ಬರುತ್ತದೆ.

ಯಾವಾಗ ನಡುಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಬೆಳಿಗ್ಗೆ ಮಾತ್ರವಾ? ಬಿಸಿಯಾದ ಮೇಲಾ? ಮಳೆ ಬಂದ ದಿನವಾ? ಪೆಟ್ರೋಲ್ ಹಾಕಿಸಿದ ಮೇಲಾ? ಬ್ರೇಕ್ ಒತ್ತಿದಾಗ ಬದಲಾಗುತ್ತದಾ? ಮೊಬೈಲಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಗ್ಯಾರೇಜ್ ಮುಂದೆ ನಿಲ್ಲಿಸಿದ ಕೂಡಲೇ ಕಾರು ಸರಿ ಇರುವುದು ಬಹಳ ಸಲ ನಡೆಯುತ್ತದೆ. ಈ ವಿವರ ಇದ್ದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಬ್ಯಾಟರಿ ಟರ್ಮಿನಲ್ ಬಿಗಿ ಇದೆಯಾ, ಏರ್ ಫಿಲ್ಟರ್ ಒದ್ದೆ ಆಗಿದೆಯಾ ಅಂತಲೂ ನೋಡಿ. ಮರದ ಕೆಳಗೆ ನಿಲ್ಲಿಸುವ ಕಾರುಗಳಲ್ಲಿ ವೈಪರ್ ಕೆಳಗಿನ ನೀರಿನ ದಾರಿ ಎಲೆಯಿಂದ ಕಟ್ಟಿಕೊಂಡು ನೀರು ಎಂಜಿನ್ ಮೇಲೆ ಇಳಿಯುತ್ತದೆ.

ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದೆ. ಊರಿಗೆ ಮುಟ್ಟುವ ತನಕ ಓಡಿಸಬಹುದಾ?

ಬೇಡ. ಲೈಟ್ ಒಂದೇ ಸಮ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿಣುಕುತ್ತಿದ್ದರೆ ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ (ಸಿಲಿಂಡರ್ ಫೈರ್ ಆಗದೆ ತಪ್ಪುತ್ತಿದೆ) ಅಂತ ಅರ್ಥ. ಸುಡದೆ ಉಳಿದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಕೆಂಪಗೆ ಕಾಯುತ್ತದೆ, ಒಳಗೆ ಕರಗಿ ಮುಚ್ಚಿಕೊಳ್ಳಬಹುದು. ಒಂದು ಕಾಯಿಲ್‌ನಲ್ಲಿ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಪಾರ್ಟ್) ಮುಗಿಯಬೇಕಾದ ಖರ್ಚು ಹಲವು ಪಟ್ಟು ಆಗುತ್ತದೆ. ಘಟ್ಟದಲ್ಲಿ ಹೀಗಾದರೆ ಎಂಜಿನ್ ಮೇಲೆ ಭಾರ ಹಾಕಬೇಡಿ, ಅಗಲ ಇರುವ ಜಾಗದಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಒಣ ಹುಲ್ಲು, ತರಗೆಲೆ ಮೇಲೆ ಮಾತ್ರ ನಿಲ್ಲಿಸಬೇಡಿ. ಬೆಂಕಿ ಹಿಡಿಯಬಹುದು.

ಸಣ್ಣ ಬ್ಲೂಟೂತ್ ಸ್ಕ್ಯಾನರ್ ತಗೊಂಡಿದ್ದೇನೆ. ಏನು ನೋಡಬೇಕು?

ಒಳ್ಳೆಯ ಕೆಲಸ. ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಎಂಜಿನ್ ದೋಷ ಓದುವ ಪಾಯಿಂಟ್) ಚುಚ್ಚಿ ಮೊದಲು ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಬರೆದಿಡದೆ ಅಳಿಸಬೇಡಿ.

ಪಿ0301, ಪಿ0302, ಪಿ0303 ಬಂದರೆ ಕೊನೆಯ ಅಂಕಿಯೇ ಮಿಸ್ ಹೊಡೆಯುತ್ತಿರುವ ಸಿಲಿಂಡರ್. ಹೀಗೆ ಒಂದೇ ಸಿಲಿಂಡರ್ ಸಿಕ್ಕಿದರೆ ನಿಮ್ಮ ಅದೃಷ್ಟ. ಆ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ಕೋಡ್ ಅಳಿಸಿ, ಮತ್ತೆ ನಡುಗುವ ತನಕ ಓಡಿಸಿ ನೋಡಿ. ಕೋಡ್ ಕಾಯಿಲ್ ಜೊತೆಗೇ ಹೋದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಅಲ್ಲೇ ಉಳಿದರೆ ಇಂಜೆಕ್ಟರ್, ವೈರಿಂಗ್, ಇಲ್ಲವೇ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ). ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಇದನ್ನು ಮಾಡದೆ ಎಲ್ಲ ಕಾಯಿಲ್ ಬದಲಿಸಿ ಅಂದರೆ ಯಾಕೆ ಅಂತ ಕೇಳಿ.

ಪಿ0300 ಅಂದರೆ ಒಂದೇ ಸಿಲಿಂಡರ್ ಅಂತ ಇಲ್ಲ, ಎಲ್ಲೆಲ್ಲೋ ಮಿಸ್ ಆಗುತ್ತಿದೆ. ಆಗ ಎಲ್ಲ ಸಿಲಿಂಡರ್‌ಗೂ ಒಟ್ಟಿಗೆ ತಟ್ಟುವ ಕಾರಣ ಹುಡುಕಬೇಕು. ಗಾಳಿ ಸೋರಿಕೆ, ಕೆಟ್ಟ ಪೆಟ್ರೋಲ್, ಸವೆದ ಪ್ಲಗ್‌ಗಳು.

ಆಮೇಲೆ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ನೋಡಿ. ಎಂಜಿನ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕುತ್ತಿದೆ ಅನ್ನುವ ಅಂಕಿ ಅದು. ಶಾರ್ಟ್ ಮತ್ತು ಲಾಂಗ್ ಎರಡನ್ನೂ ಕೂಡಿಸಿ. 10 ಶೇಕಡಾ ಆಚೀಚೆ ಇದ್ದರೆ ಚಿಂತೆ ಇಲ್ಲ. ನಿಂತಾಗ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆ ಹತ್ತಿರ ಬಂದರೆ ಅದು ಗಾಳಿ ಸೋರಿಕೆಯ ಗುರುತು. ನಿಂತಾಗ ಎಂಜಿನ್ ಎಳೆಯುವ ಗಾಳಿ ಕಡಿಮೆ, ಆದ್ದರಿಂದ ಸಣ್ಣ ತೂತೂ ದೊಡ್ಡದಾಗಿ ಕಾಣುತ್ತದೆ.

ಒಂದು ವಿಷಯ ನೆನಪಿಡಿ. ಹಲವು ಟರ್ಬೋ ಕಾರುಗಳಲ್ಲಿ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇಲ್ಲ, ಮ್ಯಾನಿಫೋಲ್ಡ್ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಮಾತ್ರ ಇರುತ್ತದೆ. ಅಂಥವುಗಳಲ್ಲಿ ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ. ಟ್ರಿಮ್ ಅಷ್ಟೇನೂ ಕೆಡುವುದಿಲ್ಲ, ಬದಲಿಗೆ ಆರ್‌ಪಿಎಂ ಜಾಸ್ತಿ ನಿಲ್ಲುತ್ತದೆ ಅಥವಾ ಏರಿಳಿಯುತ್ತದೆ. ಟ್ರಿಮ್ ಚೆನ್ನಾಗಿದೆ ಅಂತ ಅಲ್ಲಿಗೇ ಬಿಡಬೇಡಿ.

ಮ್ಯಾಪ್ ಸೆನ್ಸರ್ ಪರೀಕ್ಷೆ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರ, ಇಲ್ಲಿ 95 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸಾಮಾನ್ಯವಾಗಿ 30ರಿಂದ 40ಕ್ಕೆ ಇಳಿಯುತ್ತದೆ. 55, 60ರಲ್ಲೇ ನಿಂತರೆ ಎಲ್ಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಎಂಜಿನ್ ಟೈಮಿಂಗ್ ಅಥವಾ ಕಂಪ್ರೆಷನ್ ಸರಿ ಇಲ್ಲ.

ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೆಯುತ್ತದೆ. ಬಿಸಿಲು ಬಂದರೆ ಸರಿ. ಯಾಕೆ?

ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಆ ಕಡೆಯ ಮನೆಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಎಂಜಿನ್ ಮೇಲಿನ ತೇವದ ಬಗ್ಗೆ ಹೇಳಬೇಕಾ? ಇಂಥ ದೂರಿಗೆ ನಾನು ಮೊದಲು ಕಾಯಿಲ್ ಎತ್ತಿ ನೋಡುತ್ತೇನೆ.

ಕಾಯಿಲ್‌ನ ಕೆಳಗಿನ ರಬ್ಬರ್ ಬೂಟ್ ಪ್ಲಗ್ ಮೇಲೆ ಕೂತಿರುತ್ತದೆ. ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟರೆ ತೇವದ ದಿನ ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಪಕ್ಕಕ್ಕೆ ಹಾರುತ್ತದೆ. ಟಾರ್ಚ್ ಹಿಡಿದು ಬೂಟ್ ಒಳಗೆ ನೋಡಿ. ಬೂದು ಬಣ್ಣದ ಪುಡಿ, ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೆ. ಪ್ಲಗ್‌ನ ಬಿಳಿ ಪಿಂಗಾಣಿ ಮೇಲೂ ಮೇಲಿನಿಂದ ಕೆಳಗೆ ಅದೇ ಗೆರೆ. ಒಮ್ಮೆ ಆ ಗೆರೆ ಬಿದ್ದರೆ ಒರೆಸಿದರೂ ಪ್ರಯೋಜನ ಇಲ್ಲ, ಬೂಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು. ಪಿಂಗಾಣಿ ಬುಡದ ಸುತ್ತ ತೆಳುವಾದ ಕಂದು ಬಣ್ಣ ಮಾತ್ರ ಇದ್ದರೆ ಹೆದರಬೇಡಿ, ಅದು ಸಹಜ.

ಪ್ಲಗ್ ಗುಂಡಿಯಲ್ಲಿ ನೀರು ನಿಂತಿದ್ದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ. ನೀರಿನ ಬದಲು ಎಂಜಿನ್ ಆಯಿಲ್ ಇದ್ದರೆ ವಾಲ್ವ್ ಕವರ್‌ನ ಸೀಲ್ ಸೋರುತ್ತಿದೆ. ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಮತ್ತೆ ಒಂದು ಮಾತು: ಸರ್ವಿಸ್ ಮಾಡಿಸುವಾಗ ಎಂಜಿನ್ ಮೇಲೆ ಜೋರು ನೀರು ಹೊಡೆಸಬೇಡಿ.

ಪ್ಲಗ್ ಹಾಕುವಾಗ ಕಂಪನಿ ಹೇಳಿದ ನಂಬರ್‌ನದ್ದೇ ಬೇಕು. ಬೂಸ್ಟ್ ಒತ್ತಡದಲ್ಲಿ ಕಿಡಿ ಹಾರಬೇಕಾದ್ದರಿಂದ ಟರ್ಬೋ ಎಂಜಿನ್ ಪ್ಲಗ್‌ನ ಗ್ಯಾಪ್ ಸಾಮಾನ್ಯವಾಗಿ ಕಡಿಮೆ, ಹಲವು ಕಾರುಗಳಲ್ಲಿ 0.7ರಿಂದ 0.8 ಮಿಲಿಮೀಟರ್. ಸವೆದು ಗ್ಯಾಪ್ ಅಗಲ ಆದಷ್ಟೂ ಕಾಯಿಲ್ ಮೇಲೆ ಭಾರ ಬೀಳುತ್ತದೆ. ಹಳೇ ಪ್ಲಗ್ ಉಳಿಸಿಕೊಂಡು ಹೊಸ ಕಾಯಿಲ್ ಹಾಕಿದರೆ ಆ ಕಾಯಿಲ್ ಕೂಡ ಬಾಳುವುದಿಲ್ಲ. ಎಂಜಿನ್ ತಣ್ಣಗಿದ್ದಾಗ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ಸ್ಪ್ಯಾನರ್ ಹಾಕಿ.

ರಾತ್ರಿ ಸರಿ ಇತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ. ಏನಿರಬಹುದು?

ಇಲಿ. ಮಳೆಗಾಲದಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ, ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಇದನ್ನೇ ಮೊದಲು ನೋಡಬೇಕು. ರಾತ್ರಿ ಎಂಜಿನ್ ಬೆಚ್ಚಗಿರುತ್ತದೆ, ಇಲಿ ಹೆಗ್ಗಣಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ತೀರ್ಥಹಳ್ಳಿ ಕಡೆಯ ಒಂದು ಕಾರಿನ ಪ್ಲಾಸ್ಟಿಕ್ ಎಂಜಿನ್ ಕವರ್ ಎತ್ತಿದಾಗ ಕೆಳಗೆ ಅಡಿಕೆ ಸಿಪ್ಪೆಯ ನಾರು, ಬಟ್ಟೆ ಚೂರು ಸೇರಿಸಿ ಕಟ್ಟಿದ ಗೂಡೇ ಇತ್ತು. ಇಂಜೆಕ್ಟರ್‌ನ ಎರಡು ವೈರ್‌ಗಳಲ್ಲಿ ಒಂದು ಪೂರ್ತಿ ಕತ್ತರಿಸಿತ್ತು. ಇನ್ನೊಂದರಲ್ಲಿ ತಾಮ್ರದ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಅದನ್ನು ಬಿಟ್ಟಿದ್ದರೆ ಇನ್ನೊಂದು ವಾರಕ್ಕೆ ಮತ್ತೆ ಬರಬೇಕಾಗುತ್ತಿತ್ತು.

ಆದ್ದರಿಂದ ಕಂಡ ಒಂದು ವೈರ್ ಸೇರಿಸಿ ಮುಗಿಸಬೇಡಿ. ಆ ಸಾಲಿನ ಎಲ್ಲ ವೈರ್, ವ್ಯಾಕ್ಯೂಮ್ ಹೋಸ್, ಟ್ಯಾಂಕ್ ಆವಿ ತರುವ ಪರ್ಜ್ ಪೈಪ್, ಬಾನೆಟ್ ಕೆಳಗಿನ ಸ್ಪಾಂಜ್ ಎಲ್ಲ ನೋಡಿ. ವೈರ್‌ಗಳನ್ನು ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಬೇಕು. ಬರೀ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಕಿಲುಬು. ವೈರ್ ಮುಟ್ಟುವ ಮೊದಲು ಫೋಟೋ ತೆಗೆದು ಇನ್ಶೂರೆನ್ಸ್‌ನವರನ್ನು ಕೇಳಿ. ಹಾವು ಇಲಿಯ ಹಿಂದೆಯೇ ಬರುತ್ತದೆ, ಬಾನೆಟ್ ಒಳಗೆ ಕೈ ಹಾಕುವ ಮೊದಲು ಟಾರ್ಚ್ ಬಿಡಿ.

ಗಾಳಿ ಸೋರಿಕೆ ಅಂದರೆ ಎಲ್ಲೆಲ್ಲಿ ನೋಡಬೇಕು?

ನನ್ನ ಪ್ರಕಾರ ಟರ್ಬೋ ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಬಿಟ್ಟರೆ ಹೆಚ್ಚು ಸಿಗುವ ಕಾರಣ ಇದೇ. ಮುಖ್ಯ ಜಾಗ ಪಿಸಿವಿ ವಾಲ್ವ್, ಅಂದರೆ ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ವಾಲ್ವ್. ಹಲವು ಕಾರುಗಳಲ್ಲಿ ಅದರೊಳಗೆ ತೆಳು ರಬ್ಬರ್ ಡಯಾಫ್ರಮ್ ಇರುತ್ತದೆ. ಅದು ಹರಿದರೆ ನಿಂತಾಗ ಸುಂಯ್ ಅಂತ ಸೀಟಿ ಸದ್ದು ಬರುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ಎತ್ತಿ ನೋಡಿ. ಸ್ವಲ್ಪ ಎಳೆತ ಸಹಜ. ಕ್ಯಾಪ್ ಬಿಡದಷ್ಟು ಬಿಗಿಯಾಗಿ ಎಳೆದುಕೊಂಡಿದ್ದು, ಎತ್ತಿದ ತಕ್ಷಣ ಸೀಟಿ ನಿಂತರೆ ಡಯಾಫ್ರಮ್ ಹೋಗಿದೆ.

ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ನ ಹೋಸ್ ಇನ್ನೊಂದು. ಬ್ರೇಕ್ ಒತ್ತಿ ಹಿಡಿದಾಗ ಐಡ್ಲಿಂಗ್ ಬದಲಾಗಿ ಪೆಡಲ್ ಹತ್ತಿರ ಬುಸ್ ಅಂದರೆ ಅಲ್ಲೇ ಸೋರಿಕೆ. ಪೆಡಲ್ ಗಟ್ಟಿಯಾಗಿದ್ದರೆ ಕಾರು ಓಡಿಸಬೇಡಿ, ಘಟ್ಟದ ರಸ್ತೆಯಲ್ಲಂತೂ ಬೇಡವೇ ಬೇಡ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಟರ್‌ಕೂಲರ್ ಪೈಪ್‌ನ ಕ್ಲಾಂಪ್, ಹೆಚ್ಚಾದ ಬೂಸ್ಟ್ ಬಿಡುವ ಡೈವರ್ಟರ್ ವಾಲ್ವ್ ಕೂಡ ಪಟ್ಟಿಯಲ್ಲಿ ಇರಲಿ.

ಹಳೇ ಕಾರುಗಳಲ್ಲಿ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಿದ್ದರು. ಟರ್ಬೋ ಕಾರಿನಲ್ಲಿ ಇದನ್ನು ಮಾಡಲೇಬೇಡಿ. ಟರ್ಬೋ ಮತ್ತು ಎಕ್ಸಾಸ್ಟ್ ಅಷ್ಟು ಕಾದಿರುತ್ತವೆ, ಒಂದು ಹನಿ ಸಾಕು ಬೆಂಕಿಗೆ. ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಹುಡುಕಿ. ಪೈಪಿನೊಳಗೆ ಹೊಗೆ ಬಿಟ್ಟರೆ ತೂತು ಇದ್ದ ಕಡೆ ಅದೇ ಹೊರಗೆ ಬರುತ್ತದೆ.

ಟ್ಯಾಂಕ್ ತುಂಬಿಸಿದ ತಕ್ಷಣ ಸ್ಟಾರ್ಟ್ ಕಷ್ಟ, ಆಮೇಲೆ ಸ್ವಲ್ಪ ಹೊತ್ತು ನಡುಕ. ಬಂಕ್‌ನ ಪೆಟ್ರೋಲ್ ಕೆಟ್ಟದ್ದಾ?

ಪ್ರತಿ ಸಲ, ಯಾವ ಬಂಕ್‌ನಲ್ಲಿ ಹಾಕಿಸಿದರೂ ಹೀಗೇ ಆದರೆ ಪೆಟ್ರೋಲ್ ತಪ್ಪಲ್ಲ. ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಟ್ಯಾಂಕ್‌ನ ಆವಿಯನ್ನು ಇದ್ದಿಲಿನ ಡಬ್ಬಿಯಿಂದ ಎಂಜಿನ್‌ಗೆ ಬಿಡುವ ವಾಲ್ವ್ ಅದು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ವಾಲ್ವ್‌ಗೆ ಡಬ್ಬಿ ಕಡೆಯಿಂದ ಬರುವ ಹೋಸ್ ಬಿಚ್ಚಿ, ವಾಲ್ವ್ ಬಾಯಿಗೆ ಬೆರಳು ಹಿಡಿಯಿರಿ. ಎಳೆತ ಇರಬಾರದು. ಇದ್ದರೆ ವಾಲ್ವ್ ಬದಲಿಸಿ, ಸಣ್ಣ ಕೆಲಸ. ಬಂಕ್‌ನಲ್ಲಿ ಗನ್ ಕಟ್ ಆದ ಮೇಲೂ ರೌಂಡ್ ಫಿಗರ್‌ಗೆ ತುಂಬಿಸಬೇಡಿ, ಹಸಿ ಪೆಟ್ರೋಲ್ ಆ ಡಬ್ಬಿಗೆ ಹೋಗಿ ಅದನ್ನೇ ಹಾಳು ಮಾಡುತ್ತದೆ.

ಇ20 ಪೆಟ್ರೋಲ್‌ನಿಂದ (20 ಶೇಕಡಾ ಎಥನಾಲ್ ಬೆರೆತದ್ದು) ಹೀಗಾಗುತ್ತಿದೆಯಾ?

2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳ ರಬ್ಬರ್, ಪೈಪ್‌ಗಳು ಇ20 ತಡೆಯುವಂತೆ ಮಾಡಿದ್ದು. ಅದರಿಂದಲೇ ನೇರವಾಗಿ ನಡುಕ ಬರುವುದು ಕಡಿಮೆ. ನಮ್ಮಲ್ಲಿ ಚಿಂತೆ ಇರುವುದು ನೀರಿನದ್ದು. ಎಥನಾಲ್ ತೇವ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದೂ ಅಲ್ಲಿಂದಲೇ. ಅನುಮಾನ ಇದ್ದರೆ ಗ್ಯಾರೇಜಿನವರು ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅಲ್ಲಾಡಿಸದೆ ಇಡಲಿ, ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ. ಮಕ್ಕಳು ಬೆಂಗಳೂರಿನಲ್ಲಿದ್ದು ಊರಿನ ಕಾರು ಮಳೆಗಾಲ ಪೂರ್ತಿ ಶೆಡ್‌ನಲ್ಲೇ ನಿಲ್ಲುತ್ತದೆ ಅಂದರೆ ಆಗಾಗ ಓಡಿಸಿ, ಹಳೇ ಪೆಟ್ರೋಲ್ ಖರ್ಚು ಮಾಡಿ ಹೊಸದು ಹಾಕಿಸುತ್ತಿರಿ.

ಟ್ಯಾಂಕಿಗೆ ಕ್ಲೀನರ್ ಸುರಿದರೆ, ಪವರ್ ಪೆಟ್ರೋಲ್ ಹಾಕಿದರೆ ಕಾರ್ಬನ್ ಹೋಗುತ್ತದಾ?

ಇಂಜೆಕ್ಟರ್ ತುದಿಯ ಕೊಳೆಗೆ ಸ್ವಲ್ಪ ಉಪಯೋಗ ಆಗಬಹುದು. ಇನ್‌ಟೇಕ್ ವಾಲ್ವ್ ಮೇಲಿನ ಕಾರ್ಬನ್‌ಗೆ ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಏನೂ ಆಗುವುದಿಲ್ಲ. ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುತ್ತದೆ, ವಾಲ್ವ್ ಬೆನ್ನನ್ನು ಅದು ಮುಟ್ಟುವುದೇ ಇಲ್ಲ. ಟಿಎಸ್‌ಐ, ವೆನ್ಯೂ ಟರ್ಬೋ, ಫ್ರಾಂಕ್ಸ್ ಟರ್ಬೋ ಈ ಗುಂಪಿನವು. ನೆಕ್ಸಾನ್, ಮ್ಯಾಗ್ನೈಟ್‌ಗಳಲ್ಲಿ ಪೆಟ್ರೋಲ್ ವಾಲ್ವ್ ಹಿಂದೆಯೇ ಬೀಳುವುದರಿಂದ ಈ ಕಾಟ ಕಡಿಮೆ.

ತಣ್ಣಗಿದ್ದಾಗ ನಡುಕ, ಬಿಸಿಯಾದರೆ ಸರಿ, ಪ್ಲಗ್ ಕಾಯಿಲ್ ಎಲ್ಲ ಚೆನ್ನಾಗಿವೆ, ಕಾರು ತುಂಬ ಓಡಿದೆ ಅಂದರೆ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ವಾಲ್ವ್ ನೋಡಲು ಹೇಳಿ. ಕಾರ್ಬನ್ ದಪ್ಪಗೆ ಇದ್ದರೆ ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಸಿಪ್ಪೆಯ ಪುಡಿ ಹೊಡೆದು ಕ್ಲೀನ್ ಮಾಡುವ ವಿಧಾನವೇ ನಂಬಿಕಸ್ಥ. ಕಣ್ಣಲ್ಲಿ ನೋಡದೆ "ಡೀಕಾರ್ಬ್" ಹೆಸರಲ್ಲಿ ದುಡ್ಡು ಕೊಡಬೇಡಿ.

ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿ ನಿಯಂತ್ರಿಸುವ ಭಾಗ) ಕ್ಲೀನ್ ಮಾಡಿಸಿದ ಮೇಲೆ ಇನ್ನೂ ಕೆಟ್ಟಿತು!

ರೀಲರ್ನ್ ಮಾಡಿಲ್ಲ ಅನಿಸುತ್ತದೆ. ಕೊಳೆ ಇದ್ದಾಗಿನ ಅಳತೆಯನ್ನೇ ಇಸಿಯು (ಎಂಜಿನ್ ಕಂಪ್ಯೂಟರ್) ನೆನಪಿಟ್ಟುಕೊಂಡಿರುತ್ತದೆ. ಸ್ಕ್ಯಾನರ್‌ನಿಂದ ಹೊಸ ಅಳತೆ ಕಲಿಸಬೇಕು. ಇಗ್ನಿಷನ್ ಆನ್ ಇದ್ದಾಗ ಬಟರ್‌ಫ್ಲೈಯನ್ನು (ಥ್ರಾಟಲ್ ಒಳಗಿನ ಮುಚ್ಚಳ) ಬೆರಳಿನಿಂದ ದೂಡಿದರೆ ಒಳಗಿನ ಗೇರ್ ಹಾಳಾಗಬಹುದು, ಅದನ್ನೂ ವಿಚಾರಿಸಿ.

ಎಸಿ ಹಾಕಿದಾಗ ಮಾತ್ರ ನಡುಗಿದರೆ?

ಕಂಪ್ರೆಸರ್ ಹಿಡಿದ ಕ್ಷಣ ಸಣ್ಣ ಜರ್ಕ್ ಸಹಜ. ನಡುಕ ಹಾಗೇ ಉಳಿದರೆ ಮೌಂಟಿಂಗ್, ಥ್ರಾಟಲ್ ಕೊಳೆ, ಬ್ಯಾಟರಿ ಮತ್ತು ಆಲ್ಟರ್ನೇಟರ್ ಈ ಕ್ರಮದಲ್ಲಿ ನೋಡಿ.

ಆಗುಂಬೆ ಇಳಿದು ಸೋಮೇಶ್ವರದಲ್ಲಿ ನಿಂತಾಗ ನಡುಕ, ಮತ್ತೆ ಆಕ್ಸಿಲರೇಟರ್ ಒತ್ತಿದರೆ ನೀಲಿ ಹೊಗೆ. ಟರ್ಬೋನೇ ಅಲ್ವಾ?

ಇರಬಹುದು, ಆದರೆ ಇಳಿಜಾರಿನ ನಂತರ ಮಾತ್ರ ಬಂದರೆ ನನ್ನ ಮೊದಲ ಅನುಮಾನ ವಾಲ್ವ್ ಸೀಲ್ ಮತ್ತು ಪಿಸಿವಿ ಮೇಲೆ. ಎಂಜಿನ್ ಬ್ರೇಕಿಂಗ್‌ನಲ್ಲಿ ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ವ್ಯಾಕ್ಯೂಮ್ ತುಂಬ ಜಾಸ್ತಿ. ಸವೆದ ಸೀಲ್ ಮೂಲಕ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಒತ್ತಿದಾಗ ಅದೇ ಹೊಗೆಯಾಗಿ ಹೊರಬರುತ್ತದೆ. ಹಾಗಂತ ನ್ಯೂಟ್ರಲ್‌ನಲ್ಲಿ ಇಳಿಸುವ ಯೋಚನೆ ಬೇಡ. ಕಡಿಮೆ ಗೇರಿನಲ್ಲೇ ಇಳಿಯಿರಿ, ಸೀಲ್ ಸರಿಮಾಡಿಸಿ.

ಎಲ್ಲ ನೋಡಾಯಿತು. ಇನ್ನೂ ನಡುಗುತ್ತದೆ.

ಈಗ ಎಂಜಿನ್ ಒಳಗೆ ನೋಡುವ ಹೊತ್ತು. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಲೀಕ್ ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ನೋಡುವುದು) ಮಾಡಿದಾಗ ಗಾಳಿ ಎಲ್ಲಿಂದ ಹೋಗುತ್ತಿದೆ ಗೊತ್ತಾಗುತ್ತದೆ. ಎಕ್ಸಾಸ್ಟ್‌ನಲ್ಲಿ ಬುಸ್ ಅಂದರೆ ವಾಲ್ವ್, ಆಯಿಲ್ ಕ್ಯಾಪ್‌ನಲ್ಲಿ ಅಂದರೆ ಪಿಸ್ಟನ್ ರಿಂಗ್, ಕೂಲೆಂಟ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗಿ, ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ.

ಪಿ0011 ಥರದ ಕೋಡ್ ಬಂದು, ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಗರಗರ ಸದ್ದು ಬಂದರೆ ಆಯಿಲ್ ಕೆಸರಾಗಿ ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ ಸೊಲೆನಾಯ್ಡ್ ಕಟ್ಟಿದೆ ಅಥವಾ ಟೈಮಿಂಗ್ ಚೈನ್ ಸಡಿಲ ಆಗಿದೆ. ಇಲ್ಲಿ ಮೊದಲ ಹೆಜ್ಜೆ ಆಯಿಲ್ ಮಟ್ಟ ನೋಡಿ, ಕಂಪನಿ ಹೇಳಿದ ಗ್ರೇಡ್‌ನ ಹೊಸ ಆಯಿಲ್ ಹಾಕುವುದು. ದಿನವೂ ಎರಡು ಮೂರು ಕಿಲೋಮೀಟರ್ ಪೇಟೆಗೆ ಹೋಗಿ ಬರುವ ಕಾರಿನ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ತೇವ ಒಳಗೇ ಉಳಿಯುತ್ತದೆ. ಅಂಥ ಕಾರಿಗೆ ಕಿಲೋಮೀಟರ್ ಲೆಕ್ಕ ಮುಗಿಯದಿದ್ದರೂ ಮಳೆಗಾಲ ಮುಗಿದ ಕೂಡಲೇ ಆಯಿಲ್ ಬದಲಿಸಿ.

ಡೈರೆಕ್ಟ್ ಇಂಜೆಕ್ಷನ್‌ನ ಹೈ ಪ್ರೆಶರ್ ಪೈಪ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಜೋರಾಗಿ ಓಡುವಾಗ ಅದರಲ್ಲಿ 200 ಬಾರ್ ದಾಟುವ ಒತ್ತಡ ಇರುತ್ತದೆ, ಎಂಜಿನ್ ಆಫ್ ಆದ ಮೇಲೂ ಒತ್ತಡ ಉಳಿದಿರುತ್ತದೆ, ಚರ್ಮವನ್ನೇ ಸೀಳುತ್ತದೆ. ಇಂಜೆಕ್ಟರ್ ಪರೀಕ್ಷೆಗೆ ಅದರ ಯಂತ್ರ ಇರುವ ಕಡೆಗೇ ಕಳಿಸಿ.